ಅಣ್ಣಂದಿರ ಸಾಲಿನಲ್ಲಿ ಮನೆ ಅಳಿಯ

ನಮ್ಮ ಬಳಗದವರು ಒಬ್ಬರನ್ನೊಬ್ಬರು ಕಂಡಾಗ ಆರೋಗ್ಯ ವಿಚಾರಿಸುವುದು ಕಡಿಮೆ. ಪಕ್ಕದಲ್ಲಿ ಕೂತ ಮೂರನೆಯವರ ಕಡೆ ಗದ್ದ ಎತ್ತಿ ತೋರಿಸಿ, ಅವರು ನಿನಗೆ ಏನಾಗಬೇಕು ಎಂದು ಕೇಳುತ್ತಾರೆ. ಉತ್ತರ ಗೊತ್ತಿದ್ದೇ ಕೇಳುತ್ತಾರೆ. ತಪ್ಪು ಹೇಳಿದರೆ ಮುಂದಿನ ನಾಲ್ಕು ಮದುವೆಗಳಲ್ಲಿ ಅದನ್ನೇ ಆಡಿಕೊಂಡು ನಗಬಹುದಲ್ಲ.

ಇಂಥವರ ನಡುವೆ ಹುಟ್ಟಿ ನಾನು ಧಾರವಾಡಕ್ಕೆ ಹೋಗಿ ಸಮಾಜಶಾಸ್ತ್ರ ಓದಿದೆ. ವಿಜಯಪುರದ ಕಾಲೇಜೊಂದರಲ್ಲಿ ಸುಮಾರು ಮೂವತ್ತು ವರ್ಷದಿಂದ ಅದನ್ನೇ ಕಲಿಸುತ್ತಿದ್ದೇನೆ. ಬಂಧುತ್ವದ ಪಾಠ ಪ್ರತಿ ವರ್ಷ ಬರುತ್ತದೆ. ಬೋರ್ಡಿನ ಮೇಲೆ ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ ಬರೆದು, ಗೆರೆ ಎಳೆದು, ಅಣ್ಣ ತಮ್ಮಂದಿರ ಮಕ್ಕಳು ಅಣ್ಣ ತಂಗಿ ಆಗುತ್ತಾರೆ, ಅಣ್ಣ ತಂಗಿಯರ ಮಕ್ಕಳು ಗಂಡ ಹೆಂಡತಿ ಆಗಬಹುದು ಎಂದು ಹೇಳುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ. ಅವರಿಗೆ ಅದು ಮನೆಯಲ್ಲೇ ಗೊತ್ತು, ಆದರೂ ಬರೆದುಕೊಳ್ಳುತ್ತಾರೆ.

ಕಳೆದ ಚಳಿಗಾಲದಲ್ಲಿ ನನ್ನ ಮಗಳ ಮದುವೆ ಆ ಚಿತ್ರದ ಒಂದು ಗೆರೆಗೆ ಸಿಕ್ಕಿಬಿತ್ತು. ಆ ಗೆರೆ ಎಳೆದವನು ನಾನೇ ಎಂದು ಸಾಬೀತಾಯಿತು. ಯಾಕೆ ಎಳೆದೆ ಎಂಬುದು ಮಾತ್ರ ನನಗೆ ನೆನಪಿರಲಿಲ್ಲ. ಈಗಲೂ ಇಲ್ಲ. ಇದೆ ಎಂದು ಟಿಕೋಟಾದಲ್ಲಿ ಹತ್ತು ಜನರ ಮುಂದೆ ಹೇಳಿ ಬಂದಿದ್ದೇನೆ.

ಹುಡುಗ ಟಿಕೋಟಾದವನು. ದ್ರಾಕ್ಷಿ ತೋಟವಿದೆ, ಒಣದ್ರಾಕ್ಷಿಯ ಶೆಡ್ಡು ಇದೆ, ಮಾತು ಕಡಿಮೆ. ಅವನ ತಾಯಿ ನನ್ನ ದೊಡ್ಡವ್ವನ ಮಗಳು, ಅಂದರೆ ನನ್ನ ಅವ್ವನ ಅಕ್ಕನ ಮಗಳು. ನಾನು ಅವಳನ್ನು ಹುಟ್ಟಿದಾಗಿನಿಂದ ಅಕ್ಕ ಎಂದೇ ಕರೆದವನು. ಅಕ್ಕನ ಮಗನಿಗೆ ತಮ್ಮನ ಮಗಳು. ಇದಕ್ಕಿಂತ ನೆಟ್ಟಗಿನ ವರಸೆ ನಮ್ಮ ಕಡೆ ಇಲ್ಲ. ನನ್ನ ಮಗಳು ಇಲ್ಲೇ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡು, ಆಮೇಲೆ ನಮಗೆ ಹೇಳಿದರು. ಹೇಳಿದ ದಿನ ನನ್ನ ಹೆಂಡತಿ ಖುಷಿಪಟ್ಟಳು. ನಾನು ಖುಷಿಪಡಲಿಲ್ಲ. ಕಾರಣ, ಹುಡುಗನ ಅಪ್ಪ.

ಅವನನ್ನು ಕಂಡರೆ ನನಗೆ ಆಗುವುದಿಲ್ಲ. ನನಗಿಂತ ಹತ್ತು ಹನ್ನೊಂದು ವರ್ಷಕ್ಕೆ ದೊಡ್ಡವನು, ಬೀಗನಾಗಿದ್ದಾನೆ, ಅವರು ಎಂದು ಬರೆಯಬೇಕಾದವನು. ಬರೆಯಲು ಕೈ ಬರುವುದಿಲ್ಲ. ಅವನು ಕನಮಡಿಯವನು. ದೊಡ್ಡವ್ವನಿಗೆ ಗಂಡುಮಕ್ಕಳಿರಲಿಲ್ಲ, ಇದ್ದವಳು ಅಕ್ಕ ಒಬ್ಬಳೇ. ಹೊಲ ನೋಡಿಕೊಳ್ಳಲು ಅವನನ್ನು ಮನೆ ಅಳಿಯನನ್ನಾಗಿ ತಂದರು. ಒಂದು ತಗಡಿನ ಟ್ರಂಕು ಹಿಡಿದುಕೊಂಡು ಬಂದು ಇಳಿದನಂತೆ. ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಇಲ್ಲದ್ದಕ್ಕೆ ನಾನೂ ಮೂರು ವರ್ಷ ಅದೇ ಮನೆಯಲ್ಲಿದ್ದೆ. ಎಂಟನೆಯ ಇಯತ್ತೆಯಲ್ಲಿದ್ದಾಗ, ಒಂದು ಮಧ್ಯಾಹ್ನ, ಮನೆ ತುಂಬ ಊಟಕ್ಕೆ ಕೂತ ಮಂದಿ ಇರುವಾಗ, ಅವನು ಎದ್ದು ಬಂದು ನನ್ನ ಕಪಾಳಕ್ಕೆ ಹೊಡೆದ. ಕಾರಣವಿರಲಿಲ್ಲ. ಎಡಗೈಯಲ್ಲಿ ಹೊಡೆದ, ಬಲಗೈಗೆ ಅನ್ನ ಹತ್ತಿತ್ತು. ಇಷ್ಟು ಚೊಕ್ಕವಾಗಿ ನನಗೆ ನೆನಪಿತ್ತು. ಹೆಂಡತಿಗೆ ಹೇಳಿದ್ದೇನೆ, ಮಗಳಿಗೆ ಹೇಳಿದ್ದೇನೆ, ಕುಟುಂಬದಲ್ಲಿ ಅಧಿಕಾರ ಎಂಬ ಪಾಠಕ್ಕೆ ಉದಾಹರಣೆಯಾಗಿ ವಿದ್ಯಾರ್ಥಿಗಳಿಗೂ ಹೇಳಿದ್ದೇನೆ. ಅದೇ ವಾರದಿಂದ ನಾನು ಅವನನ್ನು ಅಣ್ಣ ಎಂದು ಕರೆಯಬೇಕಾಯಿತು. ದೊಡ್ಡವ್ವನ ಅಪ್ಪಣೆ. ಹೊಡೆಸಿಕೊಂಡದ್ದಕ್ಕೆ ಮೇಲೊಂದು ದಂಡ ಎಂದು ನಾನು ತಿಳಿದುಕೊಂಡಿದ್ದೆ.

ಆದರೂ ಮಗಳ ಇಷ್ಟಕ್ಕೆ ಒಪ್ಪಿದೆ. ಹುಡುಗಿಗೆ ಸೀರೆ ಉಡಿಸಿ ಮಾತು ಗಟ್ಟಿ ಮಾಡುವುದಕ್ಕೆ ಇನ್ನು ಹತ್ತು ದಿನ ಇತ್ತು. ಅಷ್ಟರಲ್ಲಿ ಬಬಲೇಶ್ವರದಿಂದ ಅತ್ತಿ ಬಂದಳು.

ಅತ್ತಿ ನನ್ನ ಅಪ್ಪನ ತಂಗಿ. ಎಂಬತ್ತರ ಹತ್ತಿರ ವಯಸ್ಸು, ಬಾಯಿಗೆ ಇಪ್ಪತ್ತು. ತನ್ನ ಮೊಮ್ಮಗನಿಗೆ ನನ್ನ ಮಗಳನ್ನು ತರಬೇಕೆಂದು ಮೂರು ವರ್ಷದಿಂದ ಹೇಳುತ್ತಿದ್ದಳು. ವಿಜಯಪುರದ ಇಬ್ರಾಹಿಂಪುರದಲ್ಲಿ ರೈಲು ಹಳಿಯ ಪಕ್ಕದ ನಮ್ಮ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನೀರು ಕುಡಿದು, ರೈಲು ದಾಟಿ ಹೋಗುವವರೆಗೂ ಸುಮ್ಮನೆ ಕೂತಿದ್ದಳು. ಸದ್ದು ನಿಂತ ಮೇಲೆ ಶುರುಮಾಡಿದಳು.

"ಲೇ ತಮ್ಮಾ, ಹುಡುಗನ ಅಪ್ಪ ನಿನಗ ಏನಾಗಬೇಕು?"

"ಅಕ್ಕನ ಗಂಡ. ಮಾಮಾ ಆಗಬೇಕು."

"ಮಾಮಾ! ಯಾವತ್ತರ ಹಂಗ ಕರದೀಯೇನ?"

ಅತ್ತಿ ನನ್ನ ಹೆಂಡತಿಯ ಕಡೆ ತಿರುಗಿದಳು.

"ನೀನರ ಕೇಳಿಯೇನ ಬೇ ನಿನ್ನ ಗಂಡ ಹಂಗ ಕರದದ್ದು?"

"ಅಣ್ಣಾರ ಅಂತಾರ್ರಿ," ಎಂದಳು ಹೆಂಡತಿ. ಸುಳ್ಳು ಹೇಳಲು ಬಾರದ ಹೆಂಗಸು.

"ಹಾಂ. ಅಣ್ಣ. ನಿನ್ನ ಅಣ್ಣನ ಮಗಗ ನಿನ್ನ ಮಗಳನ್ನ ಕೊಡ್ತೀ? ಅಣ್ಣ ತಂಗೀನ ತಂದು ಹಸಿಮಣಿ ಮ್ಯಾಲ ಕುಂಡ್ರಸ್ತೀ? ಇಷ್ಟ ಕಲ್ತು ಬಂದಿ ಏನು ಧಾರವಾಡದಾಗ?"

ಮಗಳು ಒಳಗಿಂದ ಬಂದಳು. ಅವಳಿಗೆ ಸಿಟ್ಟು ಬಂದರೆ ದನಿ ಸಣ್ಣದಾಗುತ್ತದೆ.

"ಆಯಿ, ಅವ್ರು ಪಪ್ಪಾಗ ಅಣ್ಣ ಆದ್ರ, ತಾವು ಕಟಗೊಂಡ ಹೆಂಡ್ತಿಗೆ ಏನಾದ್ರು?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಕಿಸಕ್ಕನೆ ನಕ್ಕಳು. ಅತ್ತಿ ನಗಲಿಲ್ಲ.

"ನೀ ಸುಮ್ನಿರು, ಮಂದಿಗೆ ಸೂಜಿ ಚುಚ್ಚೋ ಪೋರಿ. ನಿಮ್ಮಪ್ಪನ ದೊಡ್ಡವ್ವ, ಆ ಮುದುಕಿ, ಅವನ್ನ ಮಗಾ ಅಂದಾಳ. ಆಕಿ ಸತ್ತಾಗ ಮಗನ ಜಾಗದಾಗ ನಿಂತು ಮೊದಲನೇ ಹಿಡಿ ಮಣ್ಣು ಹಾಕ್ಯಾನ. ನಿಮ್ಮಪ್ಪ ಬಾಯಿ ತುಂಬ ಅಣ್ಣಾ ಅಂದಾನ. ಬಾಯಿಲೆ ಅಂದದ್ದು ಸುಳ್ಳಂದ್ರ ಇದನ್ನ ನೋಡು."

ಚೀಲದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಒಂದು ಕಾರ್ಡು ತೆಗೆದಳು. ನನ್ನ ಮದುವೆಯ ಲಗ್ನಪತ್ರಿಕೆ. ಇಪ್ಪತ್ತೇಳು ವರ್ಷದ ಹಿಂದಿನದು, ಅರಿಶಿನದ ಬಣ್ಣ ಹಾರಿ ಅಂಚು ಮುರಿದಿತ್ತು. ಒಳಪುಟದಲ್ಲಿ ಕಾಕಾಗಳು, ಸೋದರಮಾವಂದಿರು ಎಂದು ಒಂದರ ಕೆಳಗೊಂದು ಸಾಲು. ಅಣ್ಣಂದಿರು ಎಂಬ ಸಾಲಿನಲ್ಲಿ ಮೊದಲನೆಯ ಹೆಸರು ಅವನದು.

ಆ ಕಾರ್ಡಿನ ಪ್ರೂಫ್ ನೋಡಿದವನು ನಾನು. ವಿಜಯಪುರದ ಪ್ರೆಸ್ಸಿನಲ್ಲಿ ನಿಂತು ಒಂದೂ ತಪ್ಪು ಬರಬಾರದೆಂದು ಮೂರು ಸಲ ಓದಿದ್ದು, ಮಾಲೀಕ ಬೇಸತ್ತು ಚಹಾ ತರಿಸಿದ್ದು ನೆನಪಿದೆ. ಹೆಸರು ಯಾರು ಸೇರಿಸಿದರು ಎಂಬುದು ನೆನಪಿಲ್ಲ. ದೊಡ್ಡವ್ವ ಹೇಳಿರಬೇಕು. ಹೇಳಿರಬೇಕು ಎಂದರೆ ನಾನು ಊಹಿಸುತ್ತಿದ್ದೇನೆ ಎಂದು ಅರ್ಥ. ಬೇರೆಯವರ ಬರಹದಲ್ಲಿ ಇಂಥ ಮಾತು ಬಂದರೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆಯುತ್ತೇನೆ.

"ಅಣ್ಣ ತಂಗಿ ಲಗ್ನಕ್ಕ ಅಕ್ಕಿಕಾಳು ಹಾಕಾಕ ನಾ ಬರಂಗಿಲ್ಲ," ಎಂದು ಅತ್ತಿ ಎದ್ದಳು. "ನಾ ಒಬ್ಬಾಕೀನ ಅಲ್ಲ. ಕನಮಡಿ ಮಂದೀನೂ ಬರಂಗಿಲ್ಲ. ಕೇಳಿ ನೋಡು."

ನಿಜವಾಗಿಯೂ ಕೇಳಿ ನೋಡಿದರು ಎಂದು ಕಾಣುತ್ತದೆ. ನಾಲ್ಕು ದಿನದಲ್ಲಿ ಬಳಗದ ಮೊಬೈಲುಗಳಲ್ಲೆಲ್ಲ ಆ ಕಾರ್ಡಿನ ಫೋಟೊ ಓಡಾಡಿತು. ಟಿಕೋಟಾದಿಂದ ಅಕ್ಕ ಫೋನು ಮಾಡಿ ಅತ್ತಳು. ಹುಡುಗನ ಕಡೆಯ ಹಿರಿಯರು, ಸೀರೆ ಉಡಿಸುವುದಕ್ಕೆ ಮೊದಲು ಇದು ತೀರ್ಮಾನವಾಗಲಿ ಎಂದರು. ನಾನು ರಜಿಸ್ಟರ್ ಮದುವೆ ಮಾಡಿಬಿಡೋಣ ಎಂದೆ.

"ನನಗೇನು ಪಪ್ಪಾ, ಸಹಿ ಮಾಡಿ ಬರ್ತೀನಿ," ಎಂದಳು ಮಗಳು. "ನಾ ಹೋಗಿ ಇರೂದು ಟಿಕೋಟಾದಾಗ. ತಂಗೀನ ಕಟಗೊಂಡಾನ ಅಂತ ದಿನಾ ಅಂತಾರ. ನೀವು ಇಲ್ಲಿ ಕುಂತು ಪುಸ್ತಕ ಓದ್ತೀರಿ."

ಅವಳು ಅಷ್ಟಕ್ಕೆ ನಿಲ್ಲಿಸಲಿಲ್ಲ.

"ಒಂದು ಕೇಳ್ತೀನಿ, ಖರೇ ಹೇಳ್ರಿ. ಈ ಲಗ್ನ ಮುರದ್ರ ನಿಮಗ ಒಳಗೊಳಗ ಹಗುರ ಅನಸ್ತದೋ ಇಲ್ಲೋ?"

ನಾನು ಸಿಟ್ಟಿಗೆದ್ದು ಮಾತಾಡಿದೆ. ಏನು ಮಾತಾಡಿದೆ ಎಂದು ಬರೆಯುವುದಿಲ್ಲ. ಅವಳ ಪ್ರಶ್ನೆಗೆ ಮಾತ್ರ ಉತ್ತರ ಕೊಡಲಿಲ್ಲ.

ಮರುದಿನ ಬಬಲೇಶ್ವರದ ಬಸ್ಸು ಹತ್ತಿದೆ. ಅತ್ತಿಗೆ ತಿಳಿಸಿ ಹೇಳಬೇಕೆಂದು ಒಂದು ದೊಡ್ಡ ಹಾಳೆಯಲ್ಲಿ ಎರಡು ಮನೆತನಗಳ ಚಿತ್ರ ಬರೆದುಕೊಂಡು ಹೋಗಿದ್ದೆ. ಮಕ್ಕಳಿಬ್ಬರ ನಡುವೆ ರಕ್ತದ ಸಂಬಂಧ ಇರುವುದು ಅಕ್ಕನ ಮೂಲಕ ಮಾತ್ರ, ಅವನ ಮೂಲಕ ಒಂದು ಹನಿಯೂ ಇಲ್ಲ ಎಂದು ಕೆಂಪು ಗೆರೆಯಲ್ಲಿ ತೋರಿಸಿದ್ದೆ. ಅತ್ತಿ ಕಟ್ಟೆಯ ಮೇಲೆ ಕೂತು ಹಾಳೆಯನ್ನು ತಲೆಕೆಳಗಾಗಿ ಹಿಡಿದು ನೋಡಿದಳು.

"ಇದೇನಿದು, ಸಂಡಿಗಿ ಇಟ್ಟಂಗ ಇಟ್ಟೀ?"

"ಅತ್ತಿ, ಈ ತ್ರಿಕೋನ ಅವ. ಈ ವೃತ್ತ ಅಕ್ಕ. ನಡುವ ಎರಡು ಗೆರೆ ಅಂದ್ರ ಗಂಡ ಹೆಂಡ್ತಿ."

"ಮತ್ತ ಮುದುಕಿ ಅವನ್ನ ಮಗಾ ಅಂದದ್ದು ಎಲ್ಲಿ ಬರದೀ?"

"ಅದನ್ನ ಬರಿಯಾಕ ಬರೂದಿಲ್ಲ."

"ನೀ ಕರದದ್ದು?"

"ಅದೂ ಬರೂದಿಲ್ಲ."

"ಹಂಗಾದ್ರ ಇದರಾಗ ಏನು ಬರದೀ ನೀ?" ಎಂದು ಹಾಳೆ ಮಡಿಚಿ ನನ್ನ ತೊಡೆಯ ಮೇಲೆ ಹಾಕಿದಳು. ನೋಡಲು ಬಂದಿದ್ದ ನೆರೆಮನೆಯ ಇಬ್ಬರು ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಅತ್ತಿಯ ಮೇಲೆ ನನಗೆ ಸಿಟ್ಟು ಬಂದದ್ದು ನೆರೆಯವರ ಮುಂದೆ ನಗೆಗೀಡು ಮಾಡಿದ್ದಕ್ಕಲ್ಲ. ಅವಳು ಕೇಳಿದ್ದು ನಾನು ನನ್ನ ವಿದ್ಯಾರ್ಥಿಗಳಿಂದ ಬಯಸುತ್ತ ಬಂದು, ಯಾರೂ ಕೇಳದೇ ಉಳಿದ ಪ್ರಶ್ನೆ. ತನ್ನ ಮೊಮ್ಮಗನಿಗಾಗಿ ಅದನ್ನು ಆಯುಧ ಮಾಡಿಕೊಂಡಿದ್ದಳು, ಅಷ್ಟೇ.

"ನೋಡು ತಮ್ಮಾ," ಎಂದಳು ಕೊನೆಗೆ. "ನಾ ಹಟಮಾರಿ ಅಲ್ಲ. ಟಿಕೋಟಾದಾಗ ಹಿರ್ಯಾರು ಕೂಡತಾರಲ್ಲ, ಅಲ್ಲಿ ಹೇಳು, ಅಣ್ಣಾ ಅಂತ ಯಾಕ ಅಂದಿ. ಮನಸ್ಸಿನಿಂದ ಅಂದಿದ್ದಿ ಅಂದ್ರ ಅವ ಅಣ್ಣ. ಯಾರರ ಬಡದು ಅನಸಿದ್ರ ಅದು ಲೆಕ್ಕಕ್ಕಿಲ್ಲ, ನಾ ಬಾಯಿ ಮುಚಗೊಂಡು ಅಕ್ಕಿಕಾಳು ಹಾಕ್ತೀನಿ. ಆದ್ರ ಸುಳ್ಳು ಹೇಳಬ್ಯಾಡ. ಎದುರಿಗೆ ಅವನೂ ಇರತಾನ."

ತಿರುಗಿ ಬರುವಾಗ ಸಾರವಾಡದಲ್ಲಿ ಬಸ್ಸು ತುಂಬ ಹೊತ್ತು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಆಗಿತ್ತು. ಕಿಟಕಿಗೆ ತಲೆ ಹಚ್ಚಿಕೊಂಡು ನೆನಪಿಸಿಕೊಳ್ಳಲು ಕೂತೆ. ಬಡಿದು ಅನ್ನಿಸಿದರೇ? ಹೊಡೆದದ್ದು ನಿಜ, ಅಣ್ಣ ಎಂದದ್ದು ನಿಜ. ನಡುವೆ ಏನಾಯಿತು? ದೊಡ್ಡವ್ವನ ದನಿ ಕೇಳುತ್ತದೆ, ಮಾತು ಕೇಳುವುದಿಲ್ಲ. ಅವಳ ಮಣ್ಣಿನ ದಿನ ಅವನು ಗುಂಡಿಯ ತಲೆಯ ಕಡೆ ಬಗ್ಗಿ ಮೊದಲ ಹಿಡಿ ಹಾಕಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಅಂಗಿಯ ತೋಳಿಗೆ ಮಣ್ಣು ಮೆತ್ತಿದ್ದು ಕೂಡ. ಇದನ್ನೇ ಹಿಂದಿನ ವಾರ ಹೆಂಡತಿಗೆ ಹೇಳಿದ್ದೆ. ಅವಳು ನನ್ನ ಮುಖ ನೋಡಿ, "ನೀವೆಲ್ಲಿದ್ರಿ ಅವತ್ತು? ಪೇಪರ್ ತಿದ್ದಾಕ ಧಾರವಾಡಕ್ಕ ಹೋಗಿದ್ರಿ. ನಾ ನೋಡಿ ಬಂದು ನಿಮಗ ಹೇಳೇನಿ," ಎಂದಿದ್ದಳು. ತೋಳಿನ ಮಣ್ಣು ನಾನು ಸೇರಿಸಿದ್ದಂತೆ.

ಹಾಗಾದರೆ ಎಡಗೈಯ ಏಟು? ಬಲಗೈಗೆ ಹತ್ತಿದ ಅನ್ನ? ಅದನ್ನು ಯಾರು ಸೇರಿಸಿದರು?

ಒಂದು ಅನುಮಾನ ಬಂತು, ಅದು ಮಗಳ ಮಾತಿಗಿಂತ ಕೆಟ್ಟದ್ದು. ನಾನು ಸುಮ್ಮನೆ, ನನಗೆ ನೆನಪಿಲ್ಲ, ಅಣ್ಣ ಎಂದೇ ಕರೆಯುತ್ತಿದ್ದೆ ಎಂದರೆ ಸಾಕು, ಮದುವೆ ಮುರಿಯುತ್ತದೆ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ನನ್ನ ನೆನಪು ಖಾಲಿ ಇರುವ ಜಾಗವೇ ನನಗೆ ಅನುಕೂಲವಾದ ಜಾಗ. ಇಂಥ ಪ್ರಾಮಾಣಿಕತೆಯನ್ನು ಬೇರೆಯವರಲ್ಲಿ ಕಂಡಿದ್ದರೆ ನಾನು ನಂಬುತ್ತಿರಲಿಲ್ಲ.

ಟಿಕೋಟಾದ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಭಾನುವಾರ ಬೆಳಿಗ್ಗೆ ಹತ್ತರ ಹೊತ್ತು. ಕನಮಡಿಯಿಂದ ಬಂದ ಇಬ್ಬರು, ಊರಿನ ನಾಲ್ವರು, ಅತ್ತಿ, ನಾನು, ನನ್ನ ಹೆಂಡತಿ. ಮಗಳು ಬರಲಿಲ್ಲ, ಫೋನು ಕೈಯಲ್ಲಿ ಹಿಡಿದುಕೊಂಡು ಮನೆಯಲ್ಲಿ ಕೂತಿದ್ದಳು. ಗೋಡೆಯ ಮೇಲೆ ದೊಡ್ಡವ್ವನ ಪಟ. ಅದರ ಕೆಳಗೆ ಅವನು ಕಂಬಕ್ಕೆ ಆತು ಕೂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ, ಭುಜ ಮಾತ್ರ ಇನ್ನೂ ಹಾಗೇ ಅಗಲ. ನಾನು ನಮಸ್ಕಾರ ಮಾಡಿದೆ. ಅವನು ಗದ್ದ ಆಡಿಸಿದ.

"ಬರ್ರಿ ಮಾಸ್ತರ್. ನಮ್ಮ ಮನ್ಯಾಗ ನಾ ಯಾರು ಅಂತ ತೀರ್ಮಾನ ಮಾಡಾಕ ಬಂದೀರಿ. ಚಾ ಕುಡೀರಿ ಮೊದಲ."

ಅಕ್ಕ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು. ಕಣ್ಣು ಊದಿತ್ತು.

ಊರಿನ ಹಿರಿಯರೊಬ್ಬರು ಕಾರ್ಡನ್ನು ಎಲ್ಲರಿಗೂ ತೋರಿಸಿ, ಅತ್ತಿಯ ಕೈಗೆ ವಾಪಸು ಕೊಟ್ಟು, ನನ್ನನ್ನು ಕೇಳಿದರು.

"ನೀವು ಕಲ್ತಾವ್ರು. ನೀವ ಹೇಳ್ರಿ. ಇವರಿಗೆ ಅಣ್ಣಾ ಅಂತ ಕರದದ್ದು ಹೌದೋ ಅಲ್ಲೋ?"

"ಹೌದ್ರಿ."

"ಯಾಕ ಕರದ್ರಿ?"

ನಾನು ಬಾಯಿ ತೆರೆದೆ. ಬಡಿದು ಅನ್ನಿಸಿದರು, ನೆನಪಿಲ್ಲ ಎಂಬ ಎರಡು ಉತ್ತರ ಸಿದ್ಧಮಾಡಿಕೊಂಡು ಬಂದಿದ್ದೆ. "ಇವ್ರು ನನ್ನ ಒಮ್ಮೆ ಹೊಡದ್ರು," ಎಂದೆ. "ಎಂಟನೇ ಇಯತ್ತೆ ಇದ್ದೆ. ಎಲ್ಲಾರ ಮುಂದ ಹೊಡದ್ರು. ಆಮ್ಯಾಲ ದೊಡ್ಡವ್ವ ಅಣ್ಣಾ ಅನ್ನಾಕ ಹಚ್ಚಿದ್ಳು."

"ಯಾಕ ಹೊಡದ್ರು?"

"ಕಾರಣ ಇರಲಿಲ್ಲ."

ಅವನು ಕಂಬ ಬಿಟ್ಟು ಮುಂದಕ್ಕೆ ಬಾಗಿದ.

"ಏನಂದಿ?"

"ಕಾರಣ ಇರಲಿಲ್ಲ ಅಂದೆ."

"ನಲವತ್ತು ವರ್ಷ ಹಿಂಗ ಹೇಳಕೋತ ಬಂದೀಯೇನಲೇ?" ಸುತ್ತ ಕೂತವರನ್ನು ನೋಡಿದ. "ಸಾಲಿ ಹುಡುಗರಿಗೂ ಹೇಳ್ಯಾನಂತ. ನಮ್ಮ ಓಣಿ ಹುಡುಗೊಬ್ಬ ಇವನ ಕಾಲೇಜಿನ್ಯಾಗ ಇದ್ದ, ಬಂದು ನನಗ ಹೇಳಿದ. ಮನಿ ಯಜಮಾನ ಸುಮ್ಸುಮ್ನ ಹೊಡೀತಾನ ಅಂತ ಪಾಠ. ನಾ ಯಜಮಾನ! ನಾ ಅವಾಗ ಈ ಮನ್ಯಾಗ ತಾಟಿನ ಮುಂದ ಕುಂತು ಪಲ್ಯ ಬೇಡಾಕ ಅಂಜತಿದ್ದೆ."

ಚಹಾದ ಬಟ್ಟಲು ಪಕ್ಕಕ್ಕೆ ಸರಿಸಿ ಮುಂದುವರಿಸಿದ.

"ಅವತ್ತು ನಮ್ಮ ಕನಮಡಿ ಮಂದಿ ಊಟಕ್ಕ ಬಂದಿದ್ರು. ನಮ್ಮಪ್ಪ, ನಮ್ಮ ಕಾಕಾ. ಮೊದಲನೇ ಸರ್ತಿ ನೋಡಾಕ ಬಂದಿದ್ರು, ಮಗ ಹ್ಯಾಂಗ ಇದ್ದಾನಂತ. ನಾ ಇವಗ ಹೇಳಿದೆ, ತಮ್ಮಾ, ಒಂದು ತಂಬಿಗಿ ನೀರು ತಾ. ಇವ ನಿಂತಲ್ಲೇ ಏನಂದ ಕೇಳ್ರಿ." ನನ್ನ ಕಡೆ ತಿರುಗಿದ. "ಹೇಳು. ಏನಂದಿ?"

"ನನಗ ನೆನಪಿಲ್ಲ."

"ನೆನಪಿಲ್ಲ," ಎಂದು ಅವನು ನನ್ನ ದನಿಯಲ್ಲೇ ಹೇಳಿದ. ಕನಮಡಿಯವರಲ್ಲಿ ಒಬ್ಬರು ಗಂಟಲು ಸರಿಮಾಡಿಕೊಂಡರು. "ಹೊಡೆತ ನೆನಪೈತಿ. ಕೈ ಯಾವುದು ಅಂತ ಸೈತ ನೆನಪಿರಬೇಕು ನಿನಗ. ಮಾತು ನೆನಪಿಲ್ಲ."

ಆಗ ಬಾಗಿಲಿಂದ ಅಕ್ಕ ಮಾತಾಡಿದಳು. ಅವಳು ಗಂಡನ ಮುಖವನ್ನೂ ನೋಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಪಟವನ್ನು ನೋಡಿದಳು.

"ನಾ ರೊಟ್ಟಿ ಬುಟ್ಟಿ ಹಿಡಕೊಂಡು ಇಲ್ಲೇ ನಿಂತಿದ್ದೆ. ಹೊಟ್ಟಿಗಿಲ್ಲದ ಬಂದ ಮನಿ ಅಳಿಯ ನೀ, ನಿನಗ ನಾ ಯಾಕ ನೀರು ಕೊಡ್ಲಿ, ಅಂದಿ ತಮ್ಮಾ. ಇವರಪ್ಪ ತಾಟಿನ್ಯಾಗ ಕೈ ತೊಳದು ಎದ್ದುಬಿಟ್ರು. ಮತ್ತ ಈ ಮನ್ಯಾಗ ಕಾಲಿಡಲಿಲ್ಲ. ಸಾಯೂತನಕಾ ಇಡಲಿಲ್ಲ."

ಅತ್ತಿ ಕಾರ್ಡನ್ನು ತೊಡೆಯ ಮೇಲೆ ಮಗುಚಿಟ್ಟಳು. ಅಕ್ಕ ಮುಂದುವರಿಸಿದಳು.

"ಅವತ್ತ ಸಂಜೀಗೆ ಅವ್ವ ನಿನ್ನ ಕರದು ಹೇಳಿದ್ಳು. ಇನ್ನ ಮ್ಯಾಲ ಇವ ನನ್ನ ಮಗ. ನೀ ಅಣ್ಣಾ ಅನ್ನಬೇಕು. ಅಳಿಯ ಅನ್ನೂ ಮಾತು ಈ ಮನ್ಯಾಗ ಯಾರ ಬಾಯಾಗೂ ಬರಬಾರದು ಅಂತ. ಅದಕ ಅಂದಿ. ಕಾರ್ಡಿನ್ಯಾಗ ಹಾಕಸಿದ್ದೂ ಆಕೀನ."

ನಾನು ಹುಡುಕಿದೆ. ಆಣೆಗೂ ಹುಡುಕಿದೆ. ತಂಬಿಗೆ ಇಲ್ಲ, ಅವನ ಅಪ್ಪ ಎದ್ದು ಹೋದದ್ದಿಲ್ಲ, ಆ ಮಾತು ಇಲ್ಲ. ಕೆನ್ನೆ ಉರಿದದ್ದು ಮಾತ್ರ ಇದೆ. ಇಬ್ಬರೂ ಸೇರಿ ಕಟ್ಟಿದ್ದಾರೆ ಎಂದು ಒಂದು ಕ್ಷಣ ಅನುಮಾನಪಟ್ಟೆ. ಅನುಮಾನಪಡುವುದು ನನ್ನ ಕಸುಬು. ಆದರೆ ಮಾತಿನ ಓರೆ ನನ್ನದೇ ಆಗಿತ್ತು. ನಾಲ್ಕು ದಿನದ ಹಿಂದೆ, ಸಿಟ್ಟಿನಲ್ಲಿ, ಬರೆಯುವುದಿಲ್ಲ ಎಂದೆನಲ್ಲ, ನನ್ನ ಮಗಳಿಗೆ ಇದೇ ಓರೆಯಲ್ಲಿ ಮಾತಾಡಿದ್ದೆ. ಹೊಟ್ಟೆಪಾಡಿಗೆ ಟ್ರಂಕು ಹೊತ್ತುಕೊಂಡು ಬಂದವನ ಮನೆಗೆ ಹೋಗುತ್ತೀಯಾ ಎಂದಿದ್ದೆ.

ಹಿರಿಯರು ಬೆರಳು ಮಡಿಚಿ ಬಿಚ್ಚಿ, ಹಾಗಾದರೆ ಇದು ಬಾಯಿ ಮುಚ್ಚಿಸಲು ಅನ್ನಿಸಿದ ಮಾತು, ಹುಟ್ಟಿನಿಂದ ಬಂದದ್ದಲ್ಲ ಎಂದರು. ಅತ್ತಿಯ ಕಡೆ ನೋಡಿದರು. ಅತ್ತಿ ಒಪ್ಪಲಿಲ್ಲ.

"ಇವ ನೆನಪಿಲ್ಲ ಅಂತಾನಲ್ಲ. ಅಂದಾವ ತಾನ ಹೇಳಬೇಕು. ಹೆಂಗಸರ ಸಾಕ್ಷಿ ಮ್ಯಾಲ ವರಸಿ ತಿರಗಸ್ತೀರೇನು?" ಎಂದಳು, ತಾನೂ ಹೆಂಗಸು ಎಂಬುದನ್ನು ಮರೆತು. ಅವಳ ಮೊಮ್ಮಗ ಇನ್ನೂ ಅವಳ ಕಣ್ಣೆದುರಿಗಿದ್ದ.

ಅವನು ನನ್ನನ್ನೇ ನೋಡುತ್ತಿದ್ದ. ನಾನು ಏನು ಹೇಳಿದರೂ ಅವನಿಗೇ ನಷ್ಟ. ನೆನಪಿಲ್ಲ ಎಂದರೆ ಅವನು ಈ ಮನೆಯ ಮಗನಾಗಿ ಉಳಿಯುತ್ತಾನೆ, ಅವನ ಮಗನ ಮದುವೆ ಮುರಿಯುತ್ತದೆ. ನೆನಪಿದೆ ಎಂದರೆ ಮದುವೆ ಆಗುತ್ತದೆ, ಅವನು ಮತ್ತೆ ಟ್ರಂಕು ಹಿಡಿದು ಬಂದವನಾಗುತ್ತಾನೆ. ಇದು ಅವನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಬೆಳಿಗ್ಗೆಯೇ ಗೊತ್ತಿತ್ತೋ ಏನೋ.

"ಅನ್ನು ಲೇ," ಎಂದ. "ಅವತ್ತಿನಂಗ ಅನ್ನು. ಎಲ್ಲಾರ ಮುಂದ. ಇವತ್ತು ಹೊಡಿಯೂದಿಲ್ಲ."

"ನೆನಪೈತ್ರಿ," ಎಂದೆ ಹಿರಿಯರಿಗೆ. "ನಾನ ಅಂದಿದ್ದೆ."

"ಏನಂದಿದ್ದಿ? ಮಾತು ಹೇಳು."

ಅಕ್ಕ ಹೇಳಿದ್ದ ಮಾತನ್ನು ಒಂದೊಂದಾಗಿ ಹೇಳಿದೆ. ಹೊಟ್ಟೆಗಿಲ್ಲದೆ ಬಂದದ್ದು, ಮನೆ ಅಳಿಯ, ನೀರು. ನೆನಪಿಲ್ಲದ ಮಾತಾದ್ದರಿಂದ ಕಂಠಪಾಠ ಒಪ್ಪಿಸಿದ ಹಾಗಿತ್ತು. ನಡುವೆ ಒಂದು ಕಡೆ ತಡೆದೆ. ಅವನು ತುಟಿ ಆಡಿಸಿ ಮುಂದಿನದನ್ನು ಎತ್ತಿಕೊಟ್ಟ. ಮುಗಿಯುವವರೆಗೂ ಅವನ ಕೈ ತೊಡೆಯ ಮೇಲೇ ಇತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಎಡಗೈ.

"ಕೇಳಿದ್ರಿಲ್ಲ?" ಎಂದ ಅವನು, ಎಲ್ಲರಿಗೂ. "ನಾ ಈ ಮನಿ ಅಳಿಯ. ಮಗ ಅಲ್ಲ. ಇಲ್ಲಿ ಕುಂತು, ಆಕಿ ಪಟದ ಕೆಳಗ ಕುಂತು ಹೇಳೇನಿ. ಆತಿಲ್ಲ ನಿಮ್ಮ ವರಸಿ?"

ಕನಮಡಿಯ ಹಿರಿಯರು ತಲೆ ತಗ್ಗಿಸಿಕೊಂಡು ಆತು ಎಂದರು. ಅತ್ತಿ, "ಅಕ್ಕಿಕಾಳು ಹಾಕ್ತೀನಿ, ನನ್ನ ಮಾತಿಗೆ ನಾ ತಪ್ಪಂಗಿಲ್ಲ," ಎಂದಳು. ನನ್ನ ಹೆಂಡತಿ ಹೊರಗೆ ಹೋಗಿ ಮಗಳಿಗೆ ಫೋನು ಮಾಡಿದಳು. ಅಕ್ಕ ಸಕ್ಕರೆಯ ತಾಟು ತಂದಳು.

ತಾಟು ನನ್ನ ಮುಂದೆ ಬಂದಾಗ ನಾನು ಎದ್ದು ಅವನ ಹತ್ತಿರ ಹೋದೆ. ಏನಾದರೂ ಹೇಳಬೇಕಿತ್ತು.

"ಮಾಮಾ," ಎಂದೆ. ಜೀವನದಲ್ಲಿ ಮೊದಲ ಸಲ. "ಅವತ್ತು ನಾ—"

"ಸಾಕು ಮಾಸ್ತರ್. ನಿಮಗ ನೆನಪಿಲ್ಲ ಅಂತ ನನಗ ಗೊತ್ತೈತಿ. ನೆನಪಿಲ್ಲದ್ದಕ್ಕ ತಪ್ಪಾತು ಅನ್ನಬ್ಯಾಡ್ರಿ. ಅದನ್ನ ನಾ ತಗೊಳ್ಳಂಗಿಲ್ಲ." ಸಕ್ಕರೆಯನ್ನು ಬಾಯಿಗೆ ಹಾಕಿಕೊಳ್ಳದೆ ಅಂಗೈಯಲ್ಲೇ ಹಿಡಿದುಕೊಂಡ. ನಂತರ ಅತ್ತಿಯ ಮುಂದೆ ಕೈ ಚಾಚಿದ. "ಆ ಕಾರ್ಡ ಕೊಡಬೇ ಇಲ್ಲಿ, ನೋಡ್ತೀನಿ."

ಅತ್ತಿ ಕೊಟ್ಟಳು. ಅವನು ಕನ್ನಡಕ ಹಾಕಿರಲಿಲ್ಲ. ಕಾರ್ಡನ್ನು ಮುಖದಿಂದ ದೂರ ಹಿಡಿದು, ಬಾಗಿಲ ಬೆಳಕಿಗೆ ಓರೆ ಮಾಡಿ, ಹೆಬ್ಬೆರಳನ್ನು ಸಾಲುಗಳ ಮೇಲೆ ಇಳಿಸುತ್ತ ಬಂದು ಒಂದು ಕಡೆ ನಿಲ್ಲಿಸಿದ. ತುಂಬ ಹೊತ್ತೇನೂ ಅಲ್ಲ. ಹಿರಿಯರು ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ಅವನು ಕಾರ್ಡನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮತ್ತೆ ಸುತ್ತಿ, ಅಂಗಿಯ ಕಿಸೆಯಲ್ಲಿಟ್ಟು, ಮೇಲೆ ಗುಂಡಿ ಹಾಕಿಕೊಂಡ.

ಅತ್ತಿಯ ಕೈ ಇನ್ನೂ ಚಾಚಿಕೊಂಡೇ ಇತ್ತು. ಸ್ವಲ್ಪ ಹೊತ್ತು ಕಾದು ಅವಳು ಅದನ್ನು ಸೆರಗಿನೊಳಗೆ ಎಳೆದುಕೊಂಡಳು. ವಾಪಸು ಕೊಡು ಎಂದು ಅವಳು ಕೇಳಲಿಲ್ಲ. ನನ್ನ ಮದುವೆಯ ಕಾರ್ಡು ಅದು, ನಮ್ಮ ಮನೆಯಲ್ಲಿ ಬೇರೆ ಪ್ರತಿ ಇಲ್ಲ. ನಾನೂ ಕೇಳಲಿಲ್ಲ.